ಪ್ಲಗಿನ್ ಕೆಟ್ಟಾಗ 'ಡಿಲೀಟ್' ಒತ್ತುವ ಮುಂಚೆ ಇದನ್ನು ಓದಿ

ನಿಮ್ಮ ವರ್ಡ್‌ಪ್ರೆಸ್ (ವೆಬ್‌ಸೈಟ್ ಕಟ್ಟುವ ತಂತ್ರಾಂಶ) ಸೈಟಿನಲ್ಲಿ ಅಂಗಡಿಗಳ ಡೈರೆಕ್ಟರಿ ಪ್ಲಗಿನ್, ಅಂದರೆ ಅಂಗಡಿಗಳ ಪಟ್ಟಿ ತೋರಿಸಲು ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ, ಇದೆಯಾ? ಅದು ಕೈಕೊಟ್ಟಾಗ ಯಾರಾದರೂ "ಡಿಲೀಟ್ ಮಾಡಿ ಮತ್ತೆ ಇನ್‌ಸ್ಟಾಲ್ ಮಾಡಿ, ಸರಿಹೋಗುತ್ತೆ" ಎಂದರೆ ದಯವಿಟ್ಟು ಕೇಳಬೇಡಿ. ನಾನು ಕೇಳಿದೆ. 412 ಅಂಗಡಿಗಳ ವಿವರ ಒಂದೇ ಕ್ಲಿಕ್ಕಿಗೆ ಹೋಯಿತು.

ತಿಪಟೂರಿನ ಮಂಡಿ, ಗ್ಯಾರೇಜು, ಔಷಧಿ ಅಂಗಡಿ ಎಲ್ಲವೂ ಒಂದೇ ಕಡೆ ಸಿಗಲಿ ಅಂತ ಈ ಸೈಟ್ ಶುರು ಮಾಡಿದ್ದೆ. ಕೊಬ್ಬರಿ ಮಾರಲು ಹಳ್ಳಿಗಳಿಂದ ಬರುವ ರೈತರಿಗೆ ಅನುಕೂಲವಾಗಲಿ ಅನ್ನೋದು ಮುಖ್ಯ ಆಸೆ. ಪ್ಲಗಿನ್ ಹಾಕಿದ ದಿನವೇ ತೊಡಕು ಕಂಡಿತು. ವಿಳಾಸಕ್ಕೆ ಸ್ಟ್ರೀಟ್, ಸ್ಟೇಟ್, ಜಿಪ್ ಕೋಡ್ ಅಂತ ಕೇಳುತ್ತಿತ್ತು. ನಮ್ಮಲ್ಲಿ ವಿಳಾಸ ಅಂದರೆ "ಆಂಜನೇಯನ ಗುಡಿ ಎದುರು, ಹಿಟ್ಟಿನ ಗಿರಣಿ ಪಕ್ಕ" ಅಲ್ವಾ? ವಾರದ ರಜೆ ಯಾವತ್ತು ಅಂತ ಬರೆಯಲು ಜಾಗವೇ ಇರಲಿಲ್ಲ. ನಂಬರ್ ಒತ್ತಿದರೆ ವಾಟ್ಸಾಪ್ ತೆರೆಯುತ್ತಿರಲಿಲ್ಲ.

ಹಾಗಾಗಿ ಫೈಲ್ ಮ್ಯಾನೇಜರ್ ತೆರೆದು ಪ್ಲಗಿನ್‌ನ ಫೈಲುಗಳನ್ನೇ ತಿದ್ದಿದೆ. ನನ್ನದೇ ಒಂದು ಫಂಕ್ಷನ್ (ಒಂದು ಕೆಲಸ ಮಾಡುವ ಕೋಡ್ ತುಣುಕು) ಅದರೊಳಗೆ ಸೇರಿಸಿ, ಥೀಮ್‌ನ (ಸೈಟಿನ ಹೊರನೋಟ ನಿರ್ಧರಿಸುವ ಫೈಲುಗಳ) ಫಂಕ್ಷನ್ಸ್ ಫೈಲಿನಿಂದ ಅದನ್ನು ಕರೆದೆ. ಕನ್ನಡ ಅನುವಾದದ ಫೈಲನ್ನೂ ಪ್ಲಗಿನ್ ಫೋಲ್ಡರ್‌ನಲ್ಲೇ ಇಟ್ಟೆ. ತಿದ್ದಿದ ಫೈಲುಗಳ ನಕಲು ಬೇರೆಲ್ಲೂ ಇರಲಿಲ್ಲ. ಎಲ್ಲ ಚೆನ್ನಾಗಿ ನಡೆಯಿತು, ಎಂಟು ತಿಂಗಳು.

2020ರಲ್ಲಿ ಬಂದ 5.5 ಆವೃತ್ತಿಯಿಂದ ವರ್ಡ್‌ಪ್ರೆಸ್‌ನಲ್ಲಿ ಪ್ಲಗಿನ್‌ಗಳು ತಾವಾಗಿಯೇ ಅಪ್‌ಡೇಟ್ ಆಗುವಂತೆ ಒಂದು ಒತ್ತಿನಲ್ಲಿ ಬಿಡಬಹುದು. ನಾನೂ ಹಾಗೇ ಬಿಟ್ಟಿದ್ದೆ. ಅಪ್‌ಡೇಟ್ ಅಂದರೆ ಹಳೆಯ ಫೈಲುಗಳ ನಡುವೆ ಹೊಸದನ್ನು ಜೋಡಿಸುವುದಲ್ಲ. ಹಳೆಯ ಫೋಲ್ಡರ್ ಪೂರ್ತಿ ತೆಗೆದು ಹೊಸದನ್ನು ಇಡುತ್ತದೆ. ಒಂದು ಬೆಳಗ್ಗೆ ನೋಡಿದರೆ ಪಟ್ಟಿಯೆಲ್ಲ ಇಂಗ್ಲಿಷ್ ಆಗಿತ್ತು. ಅಂಗಡಿಯ ಪುಟ ತೆರೆದರೆ ಗಂಭೀರ ದೋಷ ಎಂಬ ಸಂದೇಶ.

ಕಾರಣ ಏನೆಂದು ಹೋಸ್ಟಿಂಗ್‌ನ (ಸೈಟ್ ಇಟ್ಟಿರುವ ಸರ್ವರ್‌ನ) ಎರರ್ ಲಾಗ್‌ನಲ್ಲಿ, ಅಂದರೆ ದೋಷಗಳ ದಾಖಲೆಯಲ್ಲಿ, ಒಂದೇ ಸಾಲಿನಲ್ಲಿ ಬರೆದಿತ್ತು: ಥೀಮ್ ಕರೆಯುತ್ತಿರುವ ಫಂಕ್ಷನ್ ಇಲ್ಲ. ಥೀಮ್‌ನ ಆ ಒಂದು ಸಾಲು ತೆಗೆದಿದ್ದರೆ ಪುಟಗಳು ತೆರೆಯುತ್ತಿದ್ದವು. ಆದರೆ ಲಾಗ್ ನೋಡಬೇಕು ಅಂತಲೇ ನನಗೆ ಹೊಳೆಯಲಿಲ್ಲ. ಸೈಟ್ ಮಾಡಿಕೊಡುವ ಪರಿಚಿತರೊಬ್ಬರಿಗೆ ಫೋನ್ ಮಾಡಿದೆ. ಪ್ಲಗಿನ್ ಡಿಲೀಟ್ ಮಾಡಿ ಹೊಸದಾಗಿ ಹಾಕಿ ಎಂದರು. ಒತ್ತಿದೆ. ಈ ಪ್ಲಗಿನ್ ಮತ್ತು ಅದರ ಡೇಟಾ ಅಳಿಸಬೇಕೇ ಅಂತ ಕೇಳಿತು. ಡೇಟಾ ಅಂದರೆ ಸೆಟ್ಟಿಂಗ್ಸ್ ಇರಬಹುದು ಅಂದುಕೊಂಡು ಹೂಂ ಎಂದೆ. ಮತ್ತೆ ಇನ್‌ಸ್ಟಾಲ್ ಮಾಡಿದಾಗ ಪಟ್ಟಿಯಲ್ಲಿ ಸೊನ್ನೆ ಅಂಗಡಿ.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಡಿಆಕ್ಟಿವೇಟ್ ಮಾಡಿದರೆ ಪ್ಲಗಿನ್ ಸುಮ್ನೆ ನಿಲ್ಲುತ್ತದೆ, ಡೇಟಾಬೇಸ್‌ನಲ್ಲಿ ಇರುವುದು ಅಲ್ಲೇ ಇರುತ್ತದೆ. ಡ್ಯಾಶ್‌ಬೋರ್ಡ್‌ನಿಂದ ಡಿಲೀಟ್ ಒತ್ತಿದರೆ ಪ್ಲಗಿನ್ ಬರೆದವರು ಇಟ್ಟಿರುವ ಅನ್‌ಇನ್‌ಸ್ಟಾಲ್ ಕೋಡ್ ಓಡುತ್ತದೆ. ಅದು ಏನೇನು ಅಳಿಸಬೇಕು ಎಂಬುದು ಅವರು ಬರೆದಂತೆ. ಕೆಲವು ಏನನ್ನೂ ಮುಟ್ಟುವುದಿಲ್ಲ. ನನ್ನದು ಎಲ್ಲವನ್ನೂ ಒರೆಸಿತು. ಆ ಪ್ರಶ್ನೆಯಲ್ಲಿ 'ಡೇಟಾ' ಎಂಬ ಪದ ಇದ್ದರೆ ಅಂಥ ಕೋಡ್ ಇದೆ ಎಂದೇ ಅರ್ಥ. ಪ್ಲಗಿನ್ ಫೈಲು ಹಾಳಾಗಿದೆ ಅನ್ನಿಸಿದರೆ ಆ ಪ್ಲಗಿನ್‌ನ ಜಿಪ್ ಫೈಲನ್ನು ಮತ್ತೆ ಅಪ್‌ಲೋಡ್ ಮಾಡಿ. ಇರುವುದರ ಜಾಗಕ್ಕೆ ಇದನ್ನು ಹಾಕಲೇ ಅಂತ ಕೇಳುತ್ತದೆ, ಡೇಟಾಗೆ ಏನೂ ಆಗುವುದಿಲ್ಲ. ಈ ಸೌಲಭ್ಯವೂ 5.5ರಲ್ಲೇ ಬಂತು. ನನಗೆ ಗೊತ್ತಿರಲಿಲ್ಲ.

ಹೋಸ್ಟಿಂಗ್‌ನವರ ಹತ್ತಿರ ಬ್ಯಾಕಪ್ ಇತ್ತು, ಆದರೆ 9 ದಿನ ಹಳೆಯದು. ಅದರಲ್ಲಿ 389 ಅಂಗಡಿ ಸಿಕ್ಕವು. ಆ 9 ದಿನದಲ್ಲಿ ಬೇರೇನೂ ಬರೆದಿರಲಿಲ್ಲ, ಹಾಗಾಗಿ ಇಡೀ ಡೇಟಾಬೇಸ್ ವಾಪಸ್ ಹಾಕಿದೆ. ಆರ್ಡರ್ ತೆಗೆದುಕೊಳ್ಳುವ ಸೈಟಾಗಿದ್ದರೆ ಅಷ್ಟು ದಿನದ ಆರ್ಡರ್‌ಗಳೂ ಹೋಗುತ್ತಿದ್ದವು, ನೆನಪಿರಲಿ.

ಉಳಿದ 23 ಅಂಗಡಿಗಳನ್ನು ಕೈಯಿಂದ ಮತ್ತೆ ಸೇರಿಸಿದೆ. ಅಸಲಿ ಕಷ್ಟ ಅಲ್ಲಿ ಬಂತು. ಪ್ರತಿ ಅಂಗಡಿಯ ಗಲ್ಲಾ ಪೆಟ್ಟಿಗೆ ಮೇಲೆ ಅವರ ಪುಟದ ಕ್ಯೂಆರ್ ಸ್ಟಿಕ್ಕರ್ ಅಂಟಿಸಿಕೊಟ್ಟಿದ್ದೆ. ಪುಟದ ವಿಳಾಸ ಕನ್ನಡ ಹೆಸರಿನಿಂದಲೇ ಬರುತ್ತಿತ್ತು. ಯುಟಿಎಫ್-8ರಲ್ಲಿ (ಕಂಪ್ಯೂಟರ್ ಅಕ್ಷರಗಳನ್ನು ಉಳಿಸುವ ಪದ್ಧತಿ) ಒಂದು ಕನ್ನಡ ಚಿಹ್ನೆಗೆ 3 ಬೈಟ್, ವೆಬ್ ವಿಳಾಸದಲ್ಲಿ ಅದು 9 ಅಕ್ಷರವಾಗುತ್ತದೆ. ವರ್ಡ್‌ಪ್ರೆಸ್ ವಿಳಾಸದ ಹೆಸರಿನ ಭಾಗಕ್ಕೆ ಕೊಡುವ ಜಾಗ 200 ಅಕ್ಷರ. ಅಂದರೆ ಸುಮಾರು 22 ಚಿಹ್ನೆ, ಒತ್ತು, ಕೊಂಬು, ದೀರ್ಘ ಎಲ್ಲ ಸೇರಿ. 'ಶ್ರೀ' ಒಂದಕ್ಕೇ 4 ಹೋಗುತ್ತದೆ. 'ಶ್ರೀ ರಂಗನಾಥಸ್ವಾಮಿ ಕೊಬ್ಬರಿ' ಅಂತ ಶುರುವಾಗುವ ಎರಡು ಹೆಸರಿದ್ದರೆ, ಕೊಬ್ಬರಿ ಮುಗಿಯುವ ಮುಂಚೆಯೇ ವಿಳಾಸ ತುಂಡಾಗಿ ಎರಡೂ ಒಂದೇ ಆಗುತ್ತವೆ. ಆಗ ಎರಡನೆಯದಾಗಿ ಸೇರಿದ್ದಕ್ಕೆ ಕೊನೆಯಲ್ಲಿ 2 ಅಂತ ಬೀಳುತ್ತದೆ. ನಾನು ಮತ್ತೆ ಸೇರಿಸುವಾಗ ಕ್ರಮ ಹಿಂದುಮುಂದಾಯಿತು. ಒಂದು ಮಂಡಿಯ ಸ್ಟಿಕ್ಕರ್ ಸ್ಕ್ಯಾನ್ ಮಾಡಿದರೆ ಇನ್ನೊಂದು ಮಂಡಿಯ ಪುಟ ತೆರೆಯತೊಡಗಿತು. ರೈತರೊಬ್ಬರು ಹಾಗೆ ಬೇರೆ ಮಂಡಿಗೆ ಫೋನ್ ಮಾಡಿ ದರ ಕೇಳಿದ್ದರು. ಮಂಡಿಯವರು ನನ್ನ ಮೇಲೆ ಬೇಸರ ಮಾಡಿಕೊಂಡರು. ಅವರ ಬೇಸರ ನ್ಯಾಯವಾದದ್ದೇ.

ಈಗ ಪ್ರತಿ ಅಂಗಡಿಗೂ ಚಿಕ್ಕ ಇಂಗ್ಲಿಷ್ ವಿಳಾಸ ನಾನೇ ಟೈಪ್ ಮಾಡುತ್ತೇನೆ, ಆಮೇಲೆ ಸ್ಟಿಕ್ಕರ್ ಅಚ್ಚಿಗೆ ಕೊಡುತ್ತೇನೆ. ತಿದ್ದಿದ ಟೆಂಪ್ಲೇಟುಗಳು (ಪುಟದ ವಿನ್ಯಾಸದ ಫೈಲುಗಳು) ಚೈಲ್ಡ್ ಥೀಮ್‌ನಲ್ಲಿ, ಅಂದರೆ ಮೂಲ ಥೀಮ್ ಮುಟ್ಟದೆ ನಮ್ಮ ಬದಲಾವಣೆ ಇಡುವ ಉಪ ಥೀಮ್‌ನಲ್ಲಿ, ಇವೆ, ಈ ಪ್ಲಗಿನ್ ಅದಕ್ಕೆ ಅವಕಾಶ ಕೊಡುತ್ತದೆ ಅಂತ ಅದರ ಕೈಪಿಡಿಯಲ್ಲೇ ಇತ್ತು. ವಾರದ ರಜೆ, ವಾಟ್ಸಾಪ್ ಕೊಂಡಿ ನನ್ನದೇ ಪುಟ್ಟ ಪ್ಲಗಿನ್‌ನಲ್ಲಿ, ಹುಕ್‌ಗಳ (ಬೇರೆ ಕೋಡ್ ಸೇರಿಸಲು ಬಿಟ್ಟಿರುವ ಕೊಂಡಿಗಳ) ಮೂಲಕ. ಅನುವಾದ ಲೋಕೋ ಟ್ರಾನ್ಸ್‌ಲೇಟ್ ಎಂಬ ಅನುವಾದ ಪ್ಲಗಿನ್‌ನ ಕಸ್ಟಮ್ ಫೋಲ್ಡರ್‌ನಲ್ಲಿದೆ, ಅಪ್‌ಡೇಟ್ ಅದನ್ನು ಮುಟ್ಟುವುದಿಲ್ಲ. ತಾನಾಗಿ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿದ್ದೇನೆ. ಮೊದಲು ಸೈಟಿನ ನಕಲಿನ ಮೇಲೆ ಅಪ್‌ಡೇಟ್ ಮಾಡಿ, ಹತ್ತಿಪ್ಪತ್ತು ಪುಟ ತೆರೆದು ನೋಡುತ್ತೇನೆ. ಡೇಟಾಬೇಸ್ ಬ್ಯಾಕಪ್ ದಿನಾ ರಾತ್ರಿ ನನ್ನ ಕಂಪ್ಯೂಟರಿಗೇ ಬರುತ್ತದೆ.

23ರಲ್ಲಿ 19 ಅಂಗಡಿಗೆ ಹೊಸ ಸ್ಟಿಕ್ಕರ್ ಅಂಟಿಸಿ ಬಂದಿದ್ದೇನೆ. ಉಳಿದ 4 ಅಂಗಡಿಗಳಿಗೆ ಈ ಭಾನುವಾರ ಹೋಗುತ್ತೇನೆ.