ಡ್ರಾಪ್ ಬಾಲ್ ಮೊದಲಾ, ರೈಸ್ ಬಾಲ್ ಮೊದಲಾ?

ತುಮಕೂರಿನಲ್ಲಿ ಮಗಳನ್ನು ಸಾಫ್ಟ್‌ಬಾಲ್ ಪಿಚಿಂಗ್‌ಗೆ, ಅಂದರೆ ಬ್ಯಾಟ್ ಮಾಡುವವರಿಗೆ ಚೆಂಡೆಸೆಯುವುದಕ್ಕೆ, ಹಾಕಿದ್ದೀರಾ? ಮೊದಲು ಡ್ರಾಪ್ (ಕೆಳಕ್ಕಿಳಿಯುವ ಎಸೆತ) ಕಲಿಯಲಿ, ರೈಸ್ (ಮೇಲೇರಿದಂತೆ ಕಾಣುವ ಎಸೆತ) ಆಮೇಲೆ.

ಕೈ ಕೆಳಗಿನಿಂದ ಬರುತ್ತದೆ ಅಲ್ವಾ, ಬೆರಳ ತುದಿ ಚೆಂಡಿನ ಹಿಂಬದಿಯನ್ನು ಮೇಲಕ್ಕೆ ಸವರಿ ಬಿಡುತ್ತದೆ. ಚೆಂಡು ಮುಂದಕ್ಕೆ ಉರುಳಿದಂತೆ ತಿರುಗುತ್ತದೆ. ಆಗ ಗಾಳಿಯೂ ಅದನ್ನು ಕೆಳಕ್ಕೆ ಒತ್ತುತ್ತದೆ. ವೇಗ ಕಡಿಮೆ ಇದ್ದರೂ ಬ್ಯಾಟ್ ಹತ್ತಿರ ಇಳಿಯುತ್ತದೆ.

ರೈಸ್‌ಗೆ ಚೆಂಡು ಹಿಂದಕ್ಕೆ ತಿರುಗಬೇಕು. ಅದು ನಿಜಕ್ಕೂ ಮೇಲೇರುವುದಿಲ್ಲ, ಬೀಳುವುದು ಕಡಿಮೆಯಾಗುತ್ತದೆ, ಅಷ್ಟೇ. ವೇಗವೂ ಜಾಸ್ತಿ ಬೇಕು. ಮಣಿಕಟ್ಟು ಸರಿಯಾಗಿ ತಿರುಗದಿದ್ದರೆ ಚೆಂಡು ಬಂದೂಕಿನ ಗುಂಡಿನ ಹಾಗೆ ಸುತ್ತುತ್ತಾ ಸುಮ್ನೆ ನೇರ ಬರುತ್ತದೆ. ದೊಡ್ಡ ಮಹಿಳೆಯರ ಆಟದ 43 ಅಡಿ ಎಸೆತದ ದೂರಕ್ಕೆ ಜೋರಾಗಿ ಎಸೆಯುವವರೆಗೆ ಇದು ಕಾಯಲಿ.

ಚೆಂಡಿನ ಸುತ್ತ ಕಪ್ಪು ಟೇಪ್ ಅಂಟಿಸಿ, ಚೆಂಡು ಹಿಡಿಯುವ ಕ್ಯಾಚರ್ ಹಿಂದೆ ನಿಂತು ನೋಡಿ. ಡ್ರಾಪ್ ಸರಿ ಇದ್ದರೆ ಪಟ್ಟಿ ಅಲುಗಾಡದೆ ನೆಟ್ಟಗೆ ಗೆರೆಯಾಗಿ ಬರುತ್ತದೆ.