ಮಾಲೀಕರೂ ಪರದೇಶದಲ್ಲಿ, ಬಾಡಿಗೆದಾರರೂ ಪರದೇಶದಲ್ಲಿ: ಸುರತ್ಕಲ್ ಕಡೆ ಫ್ಲ್ಯಾಟ್ ಹುಡುಕುವವರಿಗೆ ಎಚ್ಚರಿಕೆ

ಕೊಲ್ಲಿ ರಾಷ್ಟ್ರಗಳಿಂದ ಕುಟುಂಬ ಸಮೇತ ಊರಿಗೆ ಮರಳುವವರು ಮಂಗಳೂರಿನ ಉತ್ತರಕ್ಕೆ, ಪಣಂಬೂರಿನಿಂದ ಸಸಿಹಿತ್ಲುವರೆಗಿನ ಕಡಲ ಬದಿಯಲ್ಲಿ ಬಾಡಿಗೆ ಫ್ಲ್ಯಾಟ್ ನೋಡುತ್ತಿದ್ದರೆ, ಹಣ ಕಳುಹಿಸುವ ಮೊದಲು ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಈ ಭಾಗದ ಬಹಳಷ್ಟು ಫ್ಲ್ಯಾಟುಗಳ ಮಾಲೀಕರು ತಾವೇ ದುಬೈ, ಬಹರೈನ್, ಕುವೈತ್ ಅಥವಾ ಮುಂಬಯಿಯಲ್ಲಿ ಇರುವವರು. ಮನೆ ಕೊಡುವವರೂ ದೂರ, ತೆಗೆದುಕೊಳ್ಳುವವರೂ ದೂರ ಎಂದಾದಾಗ ನಡುವೆ ಕೀಲಿಕೈ ಹಿಡಿದವನೇ ಮನೆಯ ಯಜಮಾನನಾಗುತ್ತಾನೆ. ನಮ್ಮ ಅಡ್ವಾನ್ಸ್ ಹಣ ಹೋದದ್ದು ಅಂಥವನ ಕೈಗೆ.

ಮಸ್ಕತ್‌ನಲ್ಲಿ ನನ್ನ ಕೆಲಸದ ಒಪ್ಪಂದ ಏಪ್ರಿಲ್‌ನಲ್ಲಿ ಮುಗಿಯುವುದಿತ್ತು. ಮಕ್ಕಳನ್ನು ಜೂನ್ ಹೊತ್ತಿಗೆ ಇಲ್ಲಿನ ಶಾಲೆಗೆ ಸೇರಿಸಬೇಕಾಗಿತ್ತು. ಪರಿಚಯದವರ ಮೂಲಕ ಸಿಕ್ಕಿದ ಒಬ್ಬ ಬ್ರೋಕರ್ ಫೆಬ್ರವರಿಯಲ್ಲಿ ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಕಳುಹಿಸಿದರು: ಎರಡು ಮಲಗುವ ಕೋಣೆ, ಹೊಸದಾಗಿ ಬಣ್ಣ ಬಳಿದ ಗೋಡೆ, ಬಾಲ್ಕನಿಯಲ್ಲಿ ನಿಂತರೆ ಎಡಕ್ಕೆ ದೀಪಸ್ತಂಭ, ಎದುರಿಗೆ ಕಡಲು. ಬಾಡಿಗೆ 18,000 ರೂಪಾಯಿ, ಅಡ್ವಾನ್ಸ್ ಐದು ತಿಂಗಳದ್ದು. ಮಾಲೀಕರೊಡನೆ ಮಾತನಾಡಬೇಕೆಂದು ಕೇಳಿದಾಗ ಬಂದ ಉತ್ತರ ಹೀಗಿತ್ತು: "ಓನರ್ ಬಹರೈನಿನಲ್ಲಿ ಇರುವುದು ಮಾರಾಯ್ರೆ. ಇಲ್ಲಿ ಎಲ್ಲ ನೋಡಿಕೊಳ್ಳುವುದು ಅವರ ಭಾವ. ಕಾಗದಪತ್ರ ಎಲ್ಲ ಪಕ್ಕಾ ಉಂಟು, ನೀವು ಟೆನ್ಶನ್ ಮಾಡಬೇಡಿ."

ಆ ಭಾವ ಎಂಬವರು ತಮ್ಮ ಆಧಾರ್ ಪ್ರತಿ, ಇ-ಸ್ಟ್ಯಾಂಪ್ ಕಾಗದದ ಮೇಲೆ ಟೈಪ್ ಮಾಡಿಸಿದ 11 ತಿಂಗಳ ಕರಾರು ಮತ್ತು ಆಸ್ತಿ ತೆರಿಗೆ ರಸೀದಿಯ ಒಂದು ಫೋಟೊ ಕಳುಹಿಸಿದರು. ಕರಾರಿನಲ್ಲಿ "ಮಾಲೀಕರ ಪರವಾಗಿ" ಎಂದು ಅವರದೇ ಸಹಿ ಇತ್ತು. ರಸೀದಿಯ ಮೇಲ್ಭಾಗ ಮಡಚಿಕೊಂಡಿದ್ದರಿಂದ ಹೆಸರಿನ ಸಾಲು ಕಾಣುತ್ತಿರಲಿಲ್ಲ. ಇನ್ನೊಂದು ಫೋಟೊ ಕಳುಹಿಸುತ್ತೇನೆಂದವರು ಕಳುಹಿಸಲಿಲ್ಲ, ಬದಲಿಗೆ ಬೇರೆಯವರೂ ಮನೆ ನೋಡಿ ಹೋಗಿದ್ದಾರೆ ಎಂಬ ಸುದ್ದಿ ಕಳುಹಿಸಿದರು. 90,000 ರೂಪಾಯಿ ಅವರ ಖಾತೆಗೆ ಹೋಯಿತು. ಬ್ರೋಕರ್ ತಮ್ಮ ಒಂದು ತಿಂಗಳ ಬಾಡಿಗೆಯಷ್ಟು ಕಮಿಷನನ್ನು ಬೇರೆಯಾಗಿ ತೆಗೆದುಕೊಂಡರು.

ಮೇ ಕೊನೆಯ ಒಂದು ಶನಿವಾರ ಸಾಮಾನು ಸಮೇತ ಬಂದಿಳಿದಾಗ ಆ ಫ್ಲ್ಯಾಟಿನ ಬಾಗಿಲ ಹೊರಗೆ ಮರಳು ಮೆತ್ತಿದ ಚಪ್ಪಲಿಗಳ ರಾಶಿ ಇತ್ತು. ಒಳಗೆ ಬೆಂಗಳೂರಿನಿಂದ ಕಡಲು ನೋಡಲು ಬಂದಿದ್ದ ಒಂದು ಕುಟುಂಬ. ಅವರು ಸೋಮವಾರ ಬೆಳಗಿನವರೆಗೆ ದಿನಬಾಡಿಗೆ ಕೊಟ್ಟಿದ್ದರು, ಅವರದೇನೂ ತಪ್ಪಿಲ್ಲ. ವಾಚ್‌ಮನ್ ಬಾಗಲಕೋಟೆ ಕಡೆಯವರು. ನಮ್ಮ ಪೆಟ್ಟಿಗೆಗಳನ್ನು ನೋಡಿ ಕನಿಕರದಿಂದಲೇ ಹೇಳಿದರು: "ಈ ಮನ್ಯಾಗ ಶನಿವಾರ, ರವಿವಾರ ಮಂದಿ ಬಂದು ಹೋಗ್ತಾರ್ರಿ ಸಾಹೇಬ್ರ. ಬಾಡಿಗಿಗೆ ಕೊಟ್ಟಾರಂತ ನಮಗ ಯಾರೂ ಹೇಳಿಲ್ಲ." ಅವರ ಮೇಜಿನ ಮೇಲೆ ಆ ತಿಂಗಳ ಮೆಸ್ಕಾಂ ವಿದ್ಯುತ್ ಬಿಲ್ಲುಗಳ ಕಟ್ಟು ಇತ್ತು. ನಮ್ಮದಾಗಬೇಕಿದ್ದ ಮನೆಯ ಬಿಲ್ಲಿನಲ್ಲಿ ಭಾವನ ಹೆಸರಿರಲಿಲ್ಲ. ಡಿಸೆಂಬರ್‌ನಿಂದ ಬೀಗ ಹಾಕಿದೆ ಎಂದು ನಮಗೆ ಹೇಳಲಾಗಿದ್ದ ಮನೆಗೆ ಒಂದೇ ತಿಂಗಳಲ್ಲಿ 340 ಯೂನಿಟ್ ವಿದ್ಯುತ್ ಖರ್ಚಾಗಿತ್ತು.

ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯವರಿಂದ ಮಾಲೀಕರ ಸಂಖ್ಯೆ ಪಡೆದು ಬಹರೈನಿಗೆ ಕರೆ ಮಾಡಿದೆವು. ಮನೆ ದಿನಬಾಡಿಗೆಗೆ ಹೋಗುತ್ತಿರುವುದೂ ಅವರಿಗೆ ತಿಳಿದಿರಲಿಲ್ಲ, ನಾವು ಅಡ್ವಾನ್ಸ್ ಕೊಟ್ಟದ್ದೂ ತಿಳಿದಿರಲಿಲ್ಲ. ಆಗಾಗ ಕಿಟಕಿ ತೆರೆದು ಗಾಳಿಯಾಡಿಸಲು, ಮಳೆಗಾಲಕ್ಕೆ ಮೊದಲು ಬಾಲ್ಕನಿಯ ನೀರಿನ ಕೊಳವೆ ಸ್ವಚ್ಛ ಮಾಡಿಸಲು ಮಾತ್ರ ಭಾವನ ಕೈಗೆ ಕೀ ಕೊಟ್ಟಿದ್ದರಂತೆ. ಅವರು ಸಭ್ಯರಾಗಿಯೇ ಮಾತನಾಡಿದರು, ಆದರೆ ಹಣದ ವಿಷಯಕ್ಕೆ ಬಂದಾಗ "ಯಾರಿಗೆ ಕೊಟ್ಟಿದ್ದೀರೋ ಅವರಲ್ಲೇ ಕೇಳಿ" ಎಂದರು. ಕೇಳಲು ಕಹಿಯಾದರೂ ಕಾನೂನಿನ ದೃಷ್ಟಿಯಿಂದ ಅವರ ಮಾತು ನಿಲ್ಲುತ್ತದೆ ಎಂದು ನಮ್ಮ ವಕೀಲರು ಹೇಳಿದರು: ಅಧಿಕಾರವಿಲ್ಲದವನೊಬ್ಬ ಮಾಲೀಕರ ಹೆಸರಿನಲ್ಲಿ ಮಾಡಿದ ಕರಾರಿಗೆ ಮಾಲೀಕರು ಬದ್ಧರಲ್ಲ.

ಆದ್ದರಿಂದ ಮಾಲೀಕರು ವಿದೇಶದಲ್ಲಿದ್ದಾರೆ ಎಂದು ಯಾರಾದರೂ ಹೇಳಿದ ಕ್ಷಣವೇ ಮುಕ್ತಿಯಾರುಪತ್ರ, ಅಂದರೆ ಪವರ್ ಆಫ್ ಅಟಾರ್ನಿ, ತೋರಿಸಿ ಎಂದು ಕೇಳಿ. ಅಂಥ ಪತ್ರವನ್ನು ವಿದೇಶದಲ್ಲಿ ಬರೆದುಕೊಟ್ಟಿದ್ದರೆ ಸಾಮಾನ್ಯವಾಗಿ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ದೃಢೀಕರಣ ಇರುತ್ತದೆ, ಮತ್ತು ಭಾರತಕ್ಕೆ ಬಂದ 3 ತಿಂಗಳೊಳಗೆ ಅದಕ್ಕೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿರಬೇಕು. ಪತ್ರ ಇದ್ದರೂ ಸಾಲದು. ಅದರಲ್ಲಿ ಬಾಡಿಗೆಗೆ ಕೊಡುವ ಮತ್ತು ಹಣ ಪಡೆಯುವ ಅಧಿಕಾರ ಸ್ಪಷ್ಟವಾಗಿ ಬರೆದಿದೆಯೇ ಎಂದು ಓದಿ ನೋಡಬೇಕು, ಏಕೆಂದರೆ ತೆರಿಗೆ ಕಟ್ಟಲು ಅಥವಾ ಬ್ಯಾಂಕ್ ಸಾಲದ ಸಹಿಗೆಂದು ಮಾತ್ರ ಮಾಡಿಸಿದ ಹಳೆಯ ಪತ್ರಗಳನ್ನು ತೋರಿಸುವವರೂ ಇದ್ದಾರೆ. ಆಧಾರ್ ಪ್ರತಿಯಿಂದ ತಿಳಿಯುವುದು ಆ ವ್ಯಕ್ತಿ ಯಾರೆಂಬುದಷ್ಟೇ. ಮನೆ ಯಾರದೆಂದು ತಿಳಿಯಬೇಕಾದರೆ ಸ್ಥಳೀಯ ಸಂಸ್ಥೆಯ ಆಸ್ತಿ ದಾಖಲೆಯಾದ ಇ-ಖಾತಾ ನೋಡಬೇಕು, ಇಲ್ಲವೇ ಊರಿನಲ್ಲಿರುವ ಬಂಧುಗಳಿಂದ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದ ಮೂಲಕ ಋಣಭಾರ ಪ್ರಮಾಣಪತ್ರಕ್ಕೆ, ಜನರು ಇ.ಸಿ. ಎನ್ನುವುದಕ್ಕೆ, ಅರ್ಜಿ ಹಾಕಿಸಬೇಕು. ಇವೆಲ್ಲಕ್ಕಿಂತ ಸುಲಭದ ದಾರಿ ವಿದ್ಯುತ್ ಬಿಲ್ಲು. ಆರ್.ಆರ್. ಸಂಖ್ಯೆ (ವಿದ್ಯುತ್ ಸಂಪರ್ಕದ ಗುರುತು ಸಂಖ್ಯೆ), ಹೆಸರು, ಹಿಂದಿನ ಮತ್ತು ಈಗಿನ ರೀಡಿಂಗ್ ಎಲ್ಲವೂ ಒಂದೇ ಚೀಟಿಯಲ್ಲಿ ಇರುತ್ತವೆ. ಕಳೆದ ಮೂರು ತಿಂಗಳ ಬಿಲ್ಲು ಕೇಳಿದರೆ ಮನೆ ನಿಜಕ್ಕೂ ಖಾಲಿ ಇದೆಯೇ ಎಂಬುದೂ ಗೊತ್ತಾಗುತ್ತದೆ. ಬಿಲ್ಲಿನಲ್ಲಿ ಇನ್ನೂ ಬಿಲ್ಡರನ ಹೆಸರೇ ಉಳಿದಿರುವುದುಂಟು. ಅದೊಂದರಿಂದಲೇ ಮೋಸ ಎಂದು ತೀರ್ಮಾನಿಸಬೇಕಾಗಿಲ್ಲ, ಆದರೆ ವಿವರಣೆ ಕೇಳಲೇಬೇಕು.

ಹಣ ಮರಳಿ ಪಡೆಯುವ ದಾರಿ ಬಹಳ ಕಿರಿದು. 1930 ಸಹಾಯವಾಣಿಗೆ ಕರೆ ಮಾಡಿದರೆ ಆನ್‌ಲೈನ್ ವಂಚನೆಯ ಹಣವನ್ನು ತಡೆಹಿಡಿಯುವ ವ್ಯವಸ್ಥೆ ಇದೆ ನಿಜ, ಆದರೆ ಹಣ ಇನ್ನೂ ಖಾತೆಗಳಲ್ಲೇ ಇರುವಾಗ, ಅಂದರೆ ಗಂಟೆಗಳ ಲೆಕ್ಕದಲ್ಲಿ, ಅದು ಉಪಯೋಗಕ್ಕೆ ಬರುತ್ತದೆ. ಫೆಬ್ರವರಿಯಲ್ಲಿ ಕೊಟ್ಟ ಹಣಕ್ಕೆ ಮೇ ತಿಂಗಳಲ್ಲಿ ಏನೂ ಮಾಡಲಾಗಲಿಲ್ಲ. ಠಾಣೆಯಲ್ಲಿ ಇದು ಸಿವಿಲ್ ವ್ಯಾಜ್ಯವೆಂದು ಹಿಂಬರಹ ಬರೆದುಕೊಟ್ಟರು. ಬ್ರೋಕರ್ ವಿರುದ್ಧ ರೇರಾಕ್ಕೆ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ, ಹೋಗೋಣವೆಂದರೆ ಅದರ ಕಾಯ್ದೆ ಏಜೆಂಟರನ್ನು ನಿಯಂತ್ರಿಸುವುದು ಮಾರಾಟ ಮತ್ತು ಖರೀದಿಯ ವ್ಯವಹಾರದಲ್ಲಿ. ಬಾಡಿಗೆ ದಲ್ಲಾಳಿಗಳು ಅದರ ಹೊರಗಿದ್ದಾರೆ. ಅಡ್ವಾನ್ಸ್ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ, ಆದರೆ ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯ ತನ್ನದಾಗಿ ಮಾಡಿಕೊಳ್ಳದೆ ಅದು ಜಾರಿಗೆ ಬರುವುದಿಲ್ಲ. ಹೀಗಾಗಿ ದೂರದಿಂದ ಕೊಡುವ ಹಣವನ್ನು ಸಣ್ಣ ಟೋಕನ್‌ಗೆ ಸೀಮಿತಗೊಳಿಸಿ, ಅದನ್ನೂ ಮಾಲೀಕರ ಹೆಸರಿನ ಖಾತೆಗೇ ಹಾಕಿ, ಉಳಿದದ್ದನ್ನು ಮನೆಯೊಳಗೆ ನಿಂತು ಕೀ ಪಡೆದ ಮೇಲೆ ಕೊಡುವುದೇ ಕ್ಷೇಮ. ಒಪ್ಪದವರ ಮನೆ ನಿಮಗೆ ಬೇಡ.

ಮೋಸವಿಲ್ಲದ ಕಡೆಯೂ ವಿಡಿಯೊ ನೋಡಿ ಮನೆ ಒಪ್ಪುವುದು ಈ ಕರಾವಳಿಯಲ್ಲಿ ಅಪಾಯವೇ. ಅನಂತರ ನಾವು ಮಂಗಳೂರಿನಲ್ಲಿ ಒಂದು ಸರ್ವಿಸ್ ಅಪಾರ್ಟ್‌ಮೆಂಟ್‌ನಲ್ಲಿ ಉಳಿದು, ಮಳೆ ಹಿಡಿದ ಮೇಲೆ ಮನೆಗಳನ್ನು ನೋಡುತ್ತ ಹೋದಾಗ ಇದು ಅರ್ಥವಾಯಿತು. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಪಶ್ಚಿಮದ ಗಾಳಿಯೊಂದಿಗೆ ಬಂದಪ್ಪಳಿಸುವ ಜಾಗದಲ್ಲಿ ಕಡಲಿಗೆ ಮುಖ ಮಾಡಿದ ಬಾಲ್ಕನಿಯೇ ನೀರು ಒಳಬರುವ ದಾರಿ. ಫೆಬ್ರವರಿಯಲ್ಲಿ ಮಿಂಚುವ ಗೋಡೆಯ ಮೇಲೆ ಜುಲೈಯಲ್ಲಿ ಬೂಷ್ಟು ಹಿಡಿದಿರುತ್ತದೆ. ಕಪಾಟಿನ ಹಿಂಬದಿ, ಕಿಟಕಿಯ ಕೆಳಮೂಲೆ, ಮಲಗುವ ಕೋಣೆಯ ಪಶ್ಚಿಮದ ಗೋಡೆ, ಇವುಗಳ ಹತ್ತಿರದ ಚಿತ್ರ ಕೇಳಿ. ಹೊಸ ಬಣ್ಣ ಕಂಡರೆ ಅದರ ಕೆಳಗೆ ಏನಿತ್ತೆಂದು ಕೇಳಿ. ಉಪ್ಪುಗಾಳಿಗೆ ಏ.ಸಿ.ಯ ಹೊರಘಟಕ ಮತ್ತು ಕಿಟಕಿಯ ಸರಳುಗಳು ಬೇಗ ತುಕ್ಕು ಹಿಡಿಯುತ್ತವೆ. ದುರಸ್ತಿಯ ಖರ್ಚು ಯಾರದೆಂದು ಕರಾರಿನಲ್ಲಿ ಬರೆಯದಿದ್ದರೆ ಅದು ನಿಮ್ಮ ಪಾಲಿಗೇ ಬರುತ್ತದೆ.

ಬೇಸಿಗೆಯ ಕಷ್ಟ ಇದರ ತದ್ವಿರುದ್ಧ. ನಗರಕ್ಕೆ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ. 2019 ಮತ್ತು 2023ರ ಬೇಸಿಗೆಯಲ್ಲಿ ನದಿಯ ಹರಿವು ತಗ್ಗಿ ಪಾಳಿಯ ಮೇಲೆ ನೀರು ಬಿಡಬೇಕಾಯಿತು. ಕಡಲಿಗೆ ಹತ್ತಿರದ ಬಾವಿಗಳ ನೀರು ಏಪ್ರಿಲ್, ಮೇ ಹೊತ್ತಿಗೆ ಉಪ್ಪಾಗುವುದೂ ಇಲ್ಲಿನವರಿಗೆ ಹೊಸತಲ್ಲ. ಟ್ಯಾಂಕರ್ ತರಿಸಿದರೆ ಅದರ ಹಣ ಮೇಂಟೆನೆನ್ಸ್‌ನಲ್ಲಿ ಸೇರಿದೆಯೇ ಎಂದು ಬ್ರೋಕರನ್ನಲ್ಲ, ಸಂಘದವರನ್ನು ಕೇಳಬೇಕು.

ಗಲ್ಫ್‌ನಿಂದ ಬಂದವರಿಗೂ ಹೆಚ್ಚಾಗಿ ತಿಳಿದಿರದ ಇನ್ನೊಂದು ವಿಷಯ ತೆರಿಗೆಯದು. ಮಾಲೀಕರು ಆದಾಯ ತೆರಿಗೆಯ ಲೆಕ್ಕದಲ್ಲಿ ಅನಿವಾಸಿಯಾಗಿದ್ದರೆ, ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಮೂಲದಲ್ಲೇ ತೆರಿಗೆ ಕಡಿತ ಮಾಡಿ ಸರ್ಕಾರಕ್ಕೆ ಕಟ್ಟುವ ಹೊಣೆ ಬಾಡಿಗೆದಾರನದು. ಸಾಮಾನ್ಯ ದರ ಸೆಸ್ ಸೇರಿ ಶೇ. 31.2. ನಿವಾಸಿ ಮಾಲೀಕರಿಗಿರುವ ತಿಂಗಳಿಗೆ 50,000 ರೂಪಾಯಿಯ ಮಿತಿ ಇಲ್ಲಿ ಅನ್ವಯಿಸುವುದಿಲ್ಲ. "ಬಾಡಿಗೆಯನ್ನು ಭಾವನ ಖಾತೆಗೆ ಹಾಕಿ" ಎಂಬ ಸಲಹೆಯ ಹಿಂದೆ ಕೆಲವೊಮ್ಮೆ ಈ ತೆರಿಗೆಯನ್ನು ತಪ್ಪಿಸುವ ಉದ್ದೇಶವೂ ಇರುತ್ತದೆ. ನೋಟಿಸು ಬಂದರೆ ಉತ್ತರಿಸಬೇಕಾದವರು ನೀವು.

ವಕೀಲರ ನೋಟಿಸಿನ ನಂತರ ಭಾವನಿಂದ 30,000 ರೂಪಾಯಿ ಬಂದಿದೆ, ಉಳಿದದ್ದಕ್ಕೆ ದಾವೆ ಹೂಡಿದ್ದೇವೆ. ಬ್ರೋಕರ್ ತಮ್ಮ ಕೆಲಸ ಮನೆ ತೋರಿಸುವುದಷ್ಟೇ ಎಂದು ಕಮಿಷನ್ ಮರಳಿಸಲು ಒಪ್ಪಿಲ್ಲ. ಆ ಕಟ್ಟಡದ ಸಂಘದವರು ಮಾತ್ರ ಒಂದು ನಿಯಮ ತಂದಿದ್ದಾರೆ: ಮಾಲೀಕರ ಇಮೇಲ್‌ನಿಂದ ನೇರವಾಗಿ ಒಪ್ಪಿಗೆ ಬಾರದೆ ಹೊಸ ಬಾಡಿಗೆದಾರರ ಸಾಮಾನನ್ನು ಗೇಟಿನೊಳಗೆ ಬಿಡುವುದಿಲ್ಲ. ನೀವು ನೋಡುತ್ತಿರುವ ಕಟ್ಟಡದಲ್ಲಿ ಅಂಥ ನಿಯಮ ಇದೆಯೇ ಎಂದು ಕಾರ್ಯದರ್ಶಿಗೆ ಒಂದು ಫೋನ್ ಮಾಡಿ ಕೇಳಿ.