ಶತಪಥ ಹಾಕುವ ಕರಡಿ, ಲೆಕ್ಕ ಇಡುವ ಬೋರಿಸ್

ಮೊದಲೇ ಹೇಳಿಬಿಡುತ್ತೇನೆ. ಪ್ರಾಣಿಗಳ ವಿಡಿಯೊ ಮುಂದಿಟ್ಟುಕೊಂಡು ಅವು ದಿನವಿಡೀ ಏನು ಮಾಡುತ್ತವೆ ಅಂತ ಲೆಕ್ಕ ಹಾಕಬೇಕು, ಕೈಯಲ್ಲಿ ದುಡ್ಡಿಲ್ಲ ಅನ್ನುವವರಿಗೆ ಬೋರಿಸ್‌ಗಿಂತ ಒಳ್ಳೆಯ ಸಾಫ್ಟ್‌ವೇರ್ ನನಗಂತೂ ಸಿಕ್ಕಿಲ್ಲ. ಆದರೆ ಇದು ನಿಮ್ಮ ಕೆಲಸ ಕಮ್ಮಿ ಮಾಡುತ್ತದೆ ಅಂದುಕೊಂಡು ಹಾಕಿಕೊಳ್ಳಬೇಡಿ.

ನಾನು ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವಳು. ನಮ್ಮ ಹುಡುಗರ ಪ್ರಾಜೆಕ್ಟಿಗೆ ಒಂದು ಮೃಗಾಲಯದವರು ಅನುಮತಿ ಕೊಟ್ಟರು. ಕರಡಿ ಆವರಣದ ಸಿಸಿಟಿವಿ ವಿಡಿಯೊಗಳನ್ನೂ ಕೊಟ್ಟರು. ಮಧ್ಯಾಹ್ನ ಹೋದವರಿಗೆ ಕಾಣುವುದು ನೆರಳಲ್ಲಿ ಬಿದ್ದುಕೊಂಡ ಕಪ್ಪು ಗುಡ್ಡೆ, ಅಷ್ಟೇ ಅಲ್ವಾ? ನಮ್ಮ ಕಡೆಯ ಕರಡಿ ಚುರುಕಾಗುವುದು ಹೊತ್ತು ಇಳಿದ ಮೇಲೆ. ಅಷ್ಟು ಹೊತ್ತಿಗೆ ಜನರೂ ಇರುವುದಿಲ್ಲ, ನೋಟ್‌ಬುಕ್ ಹಿಡಿದ ವಿದ್ಯಾರ್ಥಿಗಳೂ ಇರುವುದಿಲ್ಲ. ಕ್ಯಾಮೆರಾ ಬೇಕಾಗಿದ್ದು ಅದಕ್ಕೇ.

ಬೋರಿಸ್ ಇಟಲಿಯ ಟೊರಿನೊ ವಿಶ್ವವಿದ್ಯಾಲಯದ್ದು. ಒಲಿವಿಯೆ ಫ್ರಿಯಾರ್ ಮತ್ತು ಮಾರ್ಕೊ ಗಂಬಾ 2016ರಲ್ಲಿ ಇದರ ಬಗ್ಗೆ ಪ್ರಬಂಧ ಬರೆದರು. ಪೂರ್ತಿ ಪುಕ್ಕಟೆ, ಮೂಲ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ನಮ್ಮ ಲ್ಯಾಬಿನ ಹಳೆಯ ಕಂಪ್ಯೂಟರಿನಲ್ಲೂ ಓಡಿತು, ಆದರೆ ವಿಡಿಯೊ ದೊಡ್ಡದಾದರೆ ಮುಗ್ಗರಿಸುತ್ತಿತ್ತು.

ಕೆಲಸ ಹೀಗೆ. ಒಂದೊಂದು ನಡವಳಿಕೆಗೆ ಕೀಬೋರ್ಡಿನ ಒಂದೊಂದು ಕೀ ಗೊತ್ತು ಮಾಡುತ್ತೀರಿ. ವಿಡಿಯೊ ಓಡುತ್ತಿರುತ್ತದೆ. ಕರಡಿ ನಡೆಯಲು ಶುರು ಮಾಡಿದಾಗ ಕೀ ಒತ್ತಿ, ನಿಂತಾಗ ಮತ್ತೆ ಒತ್ತಿ. ಎಷ್ಟು ಹೊತ್ತು ನಡೆಯಿತು ಅನ್ನುವುದು ದಾಖಲಾಗುತ್ತದೆ. ಸೀನುವುದು, ಕೂಗುವುದು ಇಂಥ ಒಂದು ಕ್ಷಣದ ಸಂಗತಿಗೆ ಒಂದೇ ಸಲ ಒತ್ತಿದರೆ ಸಾಕು. ಮಲಗಿದ ಪ್ರಾಣಿ ಅದೇ ಹೊತ್ತಿಗೆ ನಡೆಯುವುದಿಲ್ಲವಲ್ಲ, ಅದನ್ನೂ ಮೊದಲೇ ಹೇಳಿಕೊಡಬಹುದು. ಆಮೇಲೆ 'ನಡಿಗೆ' ಒತ್ತಿದ ಕೂಡಲೇ 'ನಿದ್ದೆ' ತಾನಾಗಿಯೇ ಮುಗಿಯುತ್ತದೆ. ಈ ಸೌಲಭ್ಯ ಮೆನುವಿನ ಒಳಗೆಲ್ಲೋ ಅಡಗಿ ಕೂತಿದೆ. ಹುಡುಕಿ ಬಳಸಿ, ಬೆರಳಿಗೆ ಎಷ್ಟೋ ಆರಾಮ.

ಸಾಫ್ಟ್‌ವೇರಿನ ಹತ್ತಿರ ಹೋಗುವ ಮೊದಲೇ ನಮಗೆ ತಲೆನೋವು ಕೊಟ್ಟಿದ್ದು ಡಿವಿಆರ್, ಅಂದರೆ ಸಿಸಿಟಿವಿ ವಿಡಿಯೊ ತುಂಬಿಡುವ ಪೆಟ್ಟಿಗೆ. ಅದರಿಂದ ಪೆನ್‌ಡ್ರೈವಿಗೆ ಇಳಿಸಿಕೊಂಡ ಕಡತಗಳು ಅದರದೇ ಪ್ಲೇಯರಿನಲ್ಲಿ ಮಾತ್ರ ಓಡುವಂಥವು. ಕ್ಯಾಮೆರಾ ಹಾಕಿದ ಅಂಗಡಿಯವನಿಗೆ ಫೋನ್ ಮಾಡಿದರೆ 'ಮೇಡಂ, ನಿಮಗೆ ಕಾಣ್ತಿದೆ ತಾನೆ?' ಅಂದ. ಕಾಣುತ್ತಿತ್ತು, ನಿಜ! ಕೊನೆಗೆ ಎಫ್‌ಎಫ್‌ಎಂಪೆಗ್ ಅನ್ನುವ ಇನ್ನೊಂದು ಪುಕ್ಕಟೆ ಸಾಧನದಿಂದ ಎಲ್ಲವನ್ನೂ ಎಂಪಿ4 ಮಾಡಿಕೊಂಡೆವು. ಬೋರಿಸ್ ಒಳಗಿಂದಲೂ ವಿಡಿಯೊವನ್ನು ಚಿಕ್ಕದು ಮಾಡಿ ಬದಲಿಸಬಹುದು. ಆದರೆ ರಾಶಿ ಕಡತಗಳಿದ್ದರೆ ಮೊದಲೇ ಒಟ್ಟಿಗೆ ಮಾಡಿಟ್ಟುಕೊಳ್ಳುವುದು ಮೇಲು. ಗಡಿಯಾರವನ್ನೂ ನೋಡಿಕೊಳ್ಳಿ. ಎರಡು ಕ್ಯಾಮೆರಾಗಳ ಸಮಯ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಬೋರಿಸ್‌ನಲ್ಲಿ ಎರಡು ವಿಡಿಯೊ ಅಕ್ಕಪಕ್ಕ ಓಡಿಸಬಹುದು, ಒಂದನ್ನು ಇಷ್ಟು ಸೆಕೆಂಡ್ ಹಿಂದೆ ಮುಂದೆ ಮಾಡು ಅಂತಲೂ ಹೇಳಬಹುದು. ಹಾಗಾಗಿ ಬಚಾವಾದೆವು.

ಇನ್ನು ನಿಜವಾದ ವಿಷಯ. ಕೀ ಒತ್ತುವ ಮೊದಲು ಬೋರಿಸ್ ನಿಮ್ಮಿಂದ ಇಥೋಗ್ರಾಂ ಕೇಳುತ್ತದೆ, ಅಂದರೆ ನಡವಳಿಕೆಗಳ ಪಟ್ಟಿ. ಪ್ರತಿಯೊಂದರ ಪಕ್ಕದಲ್ಲೂ ವಿವರಣೆ ಬರೆಯಲು ಜಾಗ ಇದೆ. ಎಷ್ಟೋ ಜನ ಅದನ್ನು ಖಾಲಿ ಬಿಡುತ್ತಾರೆ. ಬಿಡಬೇಡಿ. ನಮ್ಮ ಇಬ್ಬರು ವಿದ್ಯಾರ್ಥಿಗಳು ಒಂದೇ ವಿಡಿಯೊ ತುಣುಕನ್ನು ಬೇರೆ ಬೇರೆಯಾಗಿ ಕೂತು ಗುರುತು ಹಾಕಿದರು. ಒಬ್ಬಳ ಪ್ರಕಾರ ಕರಡಿ ಗೋಡೆ ಬದಿ ಮೂಸುತ್ತಿದೆ. ಇನ್ನೊಬ್ಬನ ಪ್ರಕಾರ ಶತಪಥ ಹಾಕುತ್ತಿದೆ. ಇಬ್ಬರೂ ಹಟ ಬಿಡಲಿಲ್ಲ. ಇಂಥ ಜಗಳಕ್ಕೇ ಅಂತ ಬೋರಿಸ್‌ನಲ್ಲಿ ಕೋಹೆನ್ ಕಪ್ಪಾ ಲೆಕ್ಕ ಇದೆ. ಉತ್ತರ 1ರ ಹತ್ತಿರ ಬಂದಷ್ಟೂ ಇಬ್ಬರ ಕಣ್ಣು ಒಂದೇ ಥರ ನೋಡಿವೆ ಅಂತ ಅರ್ಥ. ನಮ್ಮದು ಹತ್ತಿರ ಇರಲಿಲ್ಲ. ಆಮೇಲೆ ಕೂತು ವಿವರಣೆ ಬರೆದೆವು: ಒಂದೇ ದಾರಿಯಲ್ಲಿ, ಮಧ್ಯೆ ಬೇರೇನೂ ಮಾಡದೆ, ಮೂರು ಸಲ ಅಥವಾ ಜಾಸ್ತಿ ಹೋಗಿ ಬಂದರೆ ಶತಪಥ. ಮೂತಿ ನೆಲಕ್ಕೆ ತಾಗಿಸಿ ನಿಂತರೆ ಅಲ್ಲಿಗೆ ಮುಗಿಯಿತು. ಈ ಒಂದು ಸಾಲಿಗೆ ಒಂದಿಡೀ ಮಧ್ಯಾಹ್ನ ಹೋಯಿತು. ನನ್ನ ಲೆಕ್ಕದಲ್ಲಿ ಇಡೀ ಪ್ರಾಜೆಕ್ಟಿನಲ್ಲಿ ಅವರು ಕಲಿತಿದ್ದು ಆ ಮಧ್ಯಾಹ್ನವೇ.

ನಡವಳಿಕೆಯ ಹೆಸರುಗಳನ್ನು ಕನ್ನಡದಲ್ಲೇ ಹಾಕಿದೆವು. ಬೋರಿಸ್ ತಕರಾರು ಮಾಡಲಿಲ್ಲ. ಇದರ ಲಾಭ ಆಮೇಲೆ ಗೊತ್ತಾಯಿತು.

ಗುರುತು ಹಾಕಿ ಮುಗಿದ ಮೇಲೆ ಬೋರಿಸ್ ಎರಡು ಒಳ್ಳೆಯ ಕೆಲಸ ಮಾಡಿಕೊಡುತ್ತದೆ. ಒಂದು, ಯಾವ ನಡವಳಿಕೆಗೆ ಎಷ್ಟು ಹೊತ್ತು, ಎಷ್ಟು ಸಲ, ಶೇಕಡಾ ಎಷ್ಟು ಅನ್ನುವ ಕೋಷ್ಟಕ. ಇನ್ನೊಂದು, ಹೊತ್ತಿನ ಉದ್ದಕ್ಕೂ ಬಣ್ಣದ ಪಟ್ಟಿಗಳ ಚಿತ್ರ. ಈ ಚಿತ್ರವೇ ನಮಗೆ ದಾರಿ ತೋರಿಸಿದ್ದು. ಕರಡಿ ಶತಪಥ ಹಾಕುವುದು ಜನರ ಗಲಾಟೆಯಿಂದ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಮೈಸೂರು, ಬನ್ನೇರುಘಟ್ಟದ ಹಾಗೆ ಇಲ್ಲೂ ಮಂಗಳವಾರ ರಜೆ. ಮಂಗಳವಾರದ ಪಟ್ಟಿಯನ್ನು ಭಾನುವಾರದ ಕೆಳಗೆ ಇಟ್ಟೆವು. ಜನ ಒಬ್ಬರೂ ಇಲ್ಲದ ದಿನವೂ ಶತಪಥದ ಕೆಂಪು ಪಟ್ಟಿ ಅದೇ ಹೊತ್ತಿಗೆ ಶುರು!

ಪ್ರಿಂಟ್ ತೆಗೆದು ಪ್ರಾಣಿಪಾಲಕರಿಗೆ ತೋರಿಸಿದೆವು. ಕನ್ನಡದಲ್ಲಿ ಇದ್ದದ್ದರಿಂದ ಅವರೇ ಓದಿಕೊಂಡರು. ಸ್ವಲ್ಪ ಹೊತ್ತು ನೋಡಿ, 'ಮೇಡಂ, ಇದು ಗಂಜಿ ಬರೋ ಹೊತ್ತು. ನಾನು ಆಚೆ ಗೇಟಿನ ಬೀಗ ತೆಗೆದ್ರೆ ಸಾಕು, ಅವಳಿಗೆ ಗೊತ್ತಾಗುತ್ತೆ' ಅಂದರು. ಕ್ಯಾಮೆರಾದಲ್ಲಿ ಆ ಗೇಟ್ ಇಲ್ಲ. ನಮ್ಮ ವಿಡಿಯೊದಲ್ಲಿ ಧ್ವನಿಯೂ ಇಲ್ಲ. ಊಟಕ್ಕೆ ಕಾಯುವ ಶತಪಥವೇ ಬೇರೆ, ರಾತ್ರಿಯೆಲ್ಲ ಸುಮ್ನೆ ಹಾಕುವ ಶತಪಥವೇ ಬೇರೆ. ಕೀ ಮಾತ್ರ ಎರಡಕ್ಕೂ ಒಂದೇ. ಆಮೇಲೆ ಬೋರಿಸ್‌ನ ಮಾಡಿಫೈಯರ್ (ಒಂದೇ ನಡವಳಿಕೆಗೆ ಉಪವಿವರ ಅಂಟಿಸುವ ಸೌಲಭ್ಯ) ಬಳಸಿ 'ಊಟದ ಮುಂಚೆ', 'ಬೇರೆ ಹೊತ್ತು' ಅಂತ ಎರಡು ಮಾಡಿಕೊಂಡೆವು. ಅದಾದ ಮೇಲೆಯೇ ಅಂಕಿಗಳು ಮಾತಾಡಲು ಶುರು ಮಾಡಿದ್ದು.

ರಾತ್ರಿ ವಿಡಿಯೊದಲ್ಲಿ ಇನ್ನೊಂದು ಕಷ್ಟ. ಇನ್‌ಫ್ರಾರೆಡ್ ಬೆಳಕಲ್ಲಿ ಎರಡು ಕರಡಿ ಒಂದೇ ಥರ ಕಾಣುತ್ತವೆ. ಗುರುತಿಗೆ ಎದೆಯ ಮೇಲಿನ ಬಿಳಿ ಪಟ್ಟೆ ಇದೆ, ಆದರೆ ಅದು ಕಾಣುವುದು ಎದ್ದು ನಿಂತಾಗ ಮಾತ್ರ. ಯಾವುದು ಅಂತ ಗೊತ್ತಾಗದಿದ್ದರೆ 'ಗುರುತಿಲ್ಲ' ಅನ್ನುವ ಮೂರನೆಯ ಹೆಸರು ಇಟ್ಟುಕೊಳ್ಳಿ. ಊಹೆ ಮಾಡಿ ತುಂಬಿಸುವುದಕ್ಕಿಂತ ಅದು ಎಷ್ಟೋ ವಾಸಿ. ಇದಕ್ಕೆ ಬೋರಿಸ್ ಏನೂ ಮಾಡಲಾರದು. ಅದು ವಿಡಿಯೊ ನೋಡುವುದೇ ಇಲ್ಲ, ನೋಡುವವರು ನೀವು.

ತಾನಾಗಿಯೇ ನೋಡುವ ಸಾಧನಗಳೂ ಇವೆ. 2018ರಲ್ಲಿ ಬಂದ ಡೀಪ್‌ಲ್ಯಾಬ್‌ಕಟ್ ಪ್ರಾಣಿಯ ಮೂತಿ, ಕಾಲು, ಬಾಲ ಎಲ್ಲಿದೆ ಅಂತ ಗುರುತಿಸುತ್ತದೆ. ಆದರೆ ಮೊದಲು ನೀವೇ ಒಂದಷ್ಟು ಚಿತ್ರಗಳ ಮೇಲೆ ಚುಕ್ಕೆ ಇಟ್ಟು ಕಲಿಸಬೇಕು, ಒಳ್ಳೆಯ ಗ್ರಾಫಿಕ್ಸ್ ಕಾರ್ಡೂ ಬೇಕು. ಬಿಎಸ್ಸಿ ಪ್ರಾಜೆಕ್ಟಿಗೆ ಅತಿಯಾಯಿತು. ಆವರಣದ ಮುಂದೆ ನಿಂತು ಟ್ಯಾಬ್‌ನಲ್ಲಿ ದಾಖಲಿಸುವುದಾದರೆ ಷಿಕಾಗೊದ ಲಿಂಕನ್ ಪಾರ್ಕ್ ಮೃಗಾಲಯದವರ ಜೂಮಾನಿಟರ್ ನೋಡಿ. ಪ್ರಾಣಿ ಆವರಣದ ಯಾವ ಮೂಲೆಯಲ್ಲಿ ಜಾಸ್ತಿ ಇರುತ್ತದೆ ಅನ್ನುವುದನ್ನು ಅದು ನಕ್ಷೆಯ ಮೇಲೆ ತೋರಿಸುತ್ತದೆ.

ಬೋರಿಸ್ ಬಗ್ಗೆ ನನ್ನ ಗೊಣಗಾಟ ಎರಡೇ. ಶುರು ಮಾಡಿದ ನಡವಳಿಕೆಯನ್ನು ಮುಗಿಸಲು ಮರೆತರೆ ಲೆಕ್ಕ ಹಾಕುವ ಹೊತ್ತಿಗೆ ಜೋಡಿಯಿಲ್ಲದ ಘಟನೆ ಅಂತ ತಡೆದು ನಿಲ್ಲಿಸುತ್ತದೆ. ಅದು ಸರಿಯೇ, ಆದರೆ ಹುಡುಗರು ಬೆದರುತ್ತಾರೆ. ಎರಡನೆಯದು, ಪ್ರಾಜೆಕ್ಟ್ ಕಡತದ ಒಳಗೆ ವಿಡಿಯೊ ಇರುವುದಿಲ್ಲ, ಅದು ಎಲ್ಲಿದೆ ಅನ್ನುವ ವಿಳಾಸ ಮಾತ್ರ ಇರುತ್ತದೆ. ಒಬ್ಬಳು ಬರೀ ಪ್ರಾಜೆಕ್ಟ್ ಕಡತವನ್ನು ಮನೆಗೆ ಒಯ್ದಳು, ತೆರೆದರೆ ವಿಡಿಯೊ ಇಲ್ಲ. ಎರಡನ್ನೂ ಒಂದೇ ಫೋಲ್ಡರಿನಲ್ಲಿ ಇಟ್ಟುಕೊಂಡು, ಫೋಲ್ಡರನ್ನೇ ಒಯ್ಯಿರಿ.

ಇಡೀ ದಿನದ ವಿಡಿಯೊವನ್ನು ನೋಡಲು ಹೋಗಬೇಡಿ. ಪ್ರಾಣಿಗಳ ನಡವಳಿಕೆಯ ತಜ್ಞೆ ಜೀನ್ ಆಲ್ಟ್‌ಮನ್ 1974ರ ಪ್ರಬಂಧದಲ್ಲಿ ಹೇಳಿದ ಮಾದರಿ ವಿಧಾನಗಳನ್ನು, ಅಂದರೆ ಯಾವಾಗ, ಎಷ್ಟು ಹೊತ್ತು, ಯಾರನ್ನು ನೋಡಬೇಕು ಅಂತ ಆರಿಸುವ ಕ್ರಮಗಳನ್ನು, ಮೊದಲು ಓದಿ. ಗಂಟೆಗೆ ಹತ್ತು ನಿಮಿಷದಂತೆ ಆರಿಸಿಕೊಂಡರೂ ಕೆಲಸ ನಡೆಯುತ್ತದೆ, ಆದರೆ ಯಾವ ಹತ್ತು ನಿಮಿಷ ಅನ್ನುವುದನ್ನು ವಿಡಿಯೊ ತೆರೆಯುವ ಮೊದಲೇ ಗೊತ್ತು ಮಾಡಿ. ಇಲ್ಲದಿದ್ದರೆ ಹುಡುಗರು ಕರಡಿ ಮಲಗಿದ ಭಾಗವನ್ನೇ ಆರಿಸುತ್ತಾರೆ. ನಡವಳಿಕೆಗಳ ಪಟ್ಟಿ ತಯಾರಿಸುವ ದಿನ ಪ್ರಾಣಿಪಾಲಕರನ್ನೂ ಕೂರಿಸಿಕೊಳ್ಳಿ. ಬೋರಿಸ್‌ಗೆ ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ.